ಹೆಬ್ಬಾವಿನ ಸುತ್ತಿನಲ್ಲಿ ಮೊದಲು ನಿಲ್ಲುವುದು ಯಾವುದು?

ಮುಂಗಾರು ಹಿಡಿದ ಮೇಲೆ ಬೆಂಗಳೂರಿನ ಬೆನ್ಸನ್ ಟೌನ್, ಜಯಮಹಲ್, ನಂದಿದುರ್ಗ ರಸ್ತೆಯ ಹಳೆಯ ಕಾಂಪೌಂಡುಗಳಲ್ಲಿ ಹಾವು ಕಾಣಿಸಿಕೊಳ್ಳುವುದು ಹೊಸ ಸಂಗತಿಯೇನಲ್ಲ. ಬಂಗಲೆ ಕೆಡವಿದ ಸೈಟಿನ ಇಟ್ಟಿಗೆ ರಾಶಿ, ಚಪ್ಪಡಿ ಸರಿದ ಮೋರಿ, ಖಾಲಿ ಬಿದ್ದ ಔಟ್‌ಹೌಸು ಇವೆಲ್ಲ ಇಲಿ ಹೆಗ್ಗಣಗಳಿಗೆ ಹೇಳಿ ಮಾಡಿಸಿದ ಜಾಗ. ಅವು ಇದ್ದ ಕಡೆ ಹಾವೂ ಇರುತ್ತದೆ. ಸಿಗುವುದು ಬಹುಮಟ್ಟಿಗೆ ಕೇರೆ, ತೋಳ ಹಾವು, ಒಮ್ಮೊಮ್ಮೆ ನಾಗರ, ಇಲ್ಲವೇ ಹಾವು ಹಿಡಿಯುವವರು ಟ್ರಿಂಕೆಟ್ ಎಂದೇ ಕರೆಯುವ ಸಪೂರ ಮೈಯ ಕಂದು ಹಾವು. ಹೆಬ್ಬಾವು ಈ ಭಾಗದಲ್ಲಿ ಅಪರೂಪದಲ್ಲಿ ಅಪರೂಪ; ಬನ್ನೇರುಘಟ್ಟದ ಕಾಡಂಚಿಗೆ ಹೋದರೆ ಮಾತು ಬೇರೆ. ಆದರೂ ಗೇಟಿನ ಮುಂದೆ ನಾಲ್ಕು ಜನ ಸೇರಿದರೆ ಮಾತು ಕೊನೆಗೆ ಹೆಬ್ಬಾವಿಗೇ ಹೋಗಿ ಮುಟ್ಟುತ್ತದೆ, ಅದು ಸುತ್ತಿಕೊಂಡು ಉಸಿರುಗಟ್ಟಿಸಿ ಸಾಯಿಸುತ್ತದೆ ಎಂಬ ವಿವರಣೆ ಯಾರದಾದರೂ ಬಾಯಿಂದ ಬಂದೇ ಬರುತ್ತದೆ. ಅದಕ್ಕೆ ಯಾರೂ ಎದುರಾಡುವುದಿಲ್ಲ. ಶಾಲೆಯಲ್ಲಿ, ಟೀವಿಯಲ್ಲಿ, ಪ್ರಾಣಿಗಳ ಬಗ್ಗೆ ಬರೆದ ಎಷ್ಟೋ ಪುಸ್ತಕಗಳಲ್ಲಿ ನಾವು ಕೇಳಿ ಓದಿ ಬೆಳೆದಿರುವುದು ಇದನ್ನೇ.

ಈ ನಂಬಿಕೆಯನ್ನು ತಳ್ಳಿಹಾಕುವ ಮೊದಲು ಅದನ್ನು ಅದರ ಪೂರ್ತಿ ಬಲದೊಂದಿಗೆ ಮುಂದಿಟ್ಟುಕೊಳ್ಳಬೇಕು. ಬಿಡಿಸಿ ನೋಡಿದರೆ ಅದರೊಳಗೆ ಮೂರು ಹೇಳಿಕೆಗಳಿವೆ:

1. ಹಾವಿನ ಹಿಡಿತಕ್ಕೆ ಬೇಟೆಯ ಮೂಳೆಗಳು ಪುಡಿಯಾಗುತ್ತವೆ.
2. ಎದೆ ಅಲುಗಾಡದಂತಾಗಿ ಬೇಟೆ ಉಸಿರಾಡಲಾರದೆ ಸಾಯುತ್ತದೆ.
3. ಬೇಟೆ ಉಸಿರು ಬಿಟ್ಟಾಗಲೆಲ್ಲ ಹಾವು ಒಂದೊಂದು ಮೆಟ್ಟಿಲು ಬಿಗಿ ಹೆಚ್ಚಿಸುತ್ತ ಹೋಗುತ್ತದೆ, ಮತ್ತೆ ಉಸಿರೆಳೆಯಲು ಜಾಗವೇ ಉಳಿಯುವುದಿಲ್ಲ.

ಮೊದಲನೆಯದರ ಬಗ್ಗೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ಹೆಬ್ಬಾವಿಗೆ ಅಗಿಯುವ ಹಲ್ಲಿಲ್ಲ, ಹರಿದು ತಿನ್ನುವ ಉಗುರಿಲ್ಲ. ಬೇಟೆ ಇಡಿಯಾಗಿ ಗಂಟಲಿಗಿಳಿಯಬೇಕು. ಮುರಿದ ಪಕ್ಕೆಲುಬಿನ ಚೂಪು ತುದಿ ಒಳಗಿನಿಂದ ಚುಚ್ಚಿದರೆ ನಷ್ಟ ಹಾವಿಗೇ. ಸುತ್ತಿನ ಒತ್ತಡ ಒಂದೇ ಬಿಂದುವಿನ ಮೇಲೆ ಬೀಳದೆ ಮೈಯನ್ನು ಬಳಸಿ ಹರಡಿಕೊಳ್ಳುವುದರಿಂದ ಮೂಳೆ ಮುರಿಯುವುದು ಅಪವಾದವೇ ಹೊರತು ನಿಯಮವಲ್ಲ. ನುಂಗಿದ ಮೇಲೆ ಜಠರದ ಆಮ್ಲ ಮೂಳೆಯನ್ನೂ ಕರಗಿಸುತ್ತದೆ, ಆದರೆ ಅಷ್ಟರಲ್ಲಿ ಸಾವು ಮುಗಿದ ಕಥೆ.

ಎರಡನೆಯ ಹೇಳಿಕೆ ಹಾಗೆ ಒಂದೇ ಏಟಿಗೆ ಬೀಳುವಂಥದ್ದಲ್ಲ. ಕಣ್ಣಿಗೆ ಕಾಣುವುದೆಲ್ಲ ಅದರ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಟ್ರಿಂಕೆಟ್ ಹಾವು ಇಲಿ ಹಿಡಿಯುವುದನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು. ಕತ್ತು 'ಎಸ್' ಆಕಾರಕ್ಕೆ ಮಡಚಿಕೊಳ್ಳುತ್ತದೆ, ಬಾಯಿ ಇಲಿಯ ಭುಜಕ್ಕೋ ಮೂತಿಗೋ ಕಚ್ಚಿ ಹಿಡಿಯುತ್ತದೆ, ರೆಪ್ಪೆ ಬಡಿಯುವಷ್ಟರಲ್ಲಿ ಎರಡೋ ಮೂರೋ ಸುತ್ತು ಇಲಿಯ ಎದೆಯ ಮೇಲೆ ಬಿದ್ದಿರುತ್ತವೆ. ಇಲಿಯ ಬಾಯಿ ತೆರೆಯುತ್ತದೆ, ಹಿಂಗಾಲು ಒದರುತ್ತವೆ, ಆಮೇಲೆ ಏನೂ ಇಲ್ಲ. ತುಸು ಹೊತ್ತು ಬಿಟ್ಟು ಹಾವು ಸುತ್ತು ಸಡಿಲಿಸಿ, ನಾಲಿಗೆ ಆಡಿಸುತ್ತ ಇಲಿಯ ತಲೆ ಎಲ್ಲಿದೆ ಎಂದು ಹುಡುಕಿ, ಅಲ್ಲಿಂದ ನುಂಗಲು ಶುರುಮಾಡುತ್ತದೆ. ನೋಡುವವನಿಗೆ ಇಲಿಯ ಎದೆ ಏರಿಳಿಯುವುದು ನಿಂತದ್ದು ಕಾಣುತ್ತದೆ, ಒಳಗೆ ಹೃದಯದಲ್ಲಿ ಏನಾಯಿತೆಂಬುದು ಕಾಣುವುದಿಲ್ಲ. ಕಂಡದ್ದನ್ನೇ ಕಾರಣವೆಂದುಕೊಳ್ಳುವುದು ಮನುಷ್ಯ ಸಹಜ. ಗೊಂದಲದ ಬೇರು ಇರುವುದು ಇಲ್ಲೇ: ಉಸಿರು ನಿಂತಿತು ಎಂಬುದು ಒಂದು ಮಾತು, ಉಸಿರು ನಿಂತದ್ದರಿಂದ ಸತ್ತಿತು ಎಂಬುದು ಇನ್ನೊಂದು ಮಾತು. ಮೊದಲನೆಯದು ನೋಟ, ಎರಡನೆಯದು ತೀರ್ಮಾನ. ಆ ತೀರ್ಮಾನಕ್ಕೆ ಬೇರೆಯೇ ಪುರಾವೆ ಬೇಕು.

ಪುರಾವೆ ಎಲ್ಲಿ ಹುಡುಕಬೇಕು? ಗಡಿಯಾರದಲ್ಲಿ. ಉಸಿರು ಮಾತ್ರ ನಿಂತರೆ ಸಾವು ನಿಧಾನ. ಶ್ವಾಸಕೋಶದಲ್ಲಿ, ರಕ್ತದಲ್ಲಿ ಅಷ್ಟಿಷ್ಟು ಆಮ್ಲಜನಕ ಉಳಿದಿರುತ್ತದೆ, ಹೃದಯ ಅದನ್ನು ಮಿದುಳಿಗೆ ತಲುಪಿಸುತ್ತಲೇ ಇರುತ್ತದೆ; ಸಾಧಾರಣ ಮನುಷ್ಯ ಕೂಡ ಒಂದು ನಿಮಿಷ ಉಸಿರು ಬಿಗಿಹಿಡಿದು ಪ್ರಜ್ಞೆಯಲ್ಲೇ ಇರಬಲ್ಲ. ಮಿದುಳಿಗೆ ಹೋಗುವ ರಕ್ತವೇ ನಿಂತರೆ ಲೆಕ್ಕ ಬೇರೆ. ಮನುಷ್ಯನಿಗಾದರೆ ಹತ್ತು ಸೆಕೆಂಡು ತುಂಬುವ ಮೊದಲೇ ಕಣ್ಣು ಕತ್ತಲಿಡುತ್ತದೆ. ಎರಡು ದಾರಿಗಳ ವೇಗದಲ್ಲಿ ಇಷ್ಟು ಅಂತರವಿರುವಾಗ, ಹಾವಿನ ಸುತ್ತಿನಲ್ಲಿ ಇಲಿ ಎಷ್ಟು ಬೇಗ ಸೋಲುತ್ತದೆ ಎಂಬುದೇ ಯಾವ ದಾರಿ ನಡೆಯುತ್ತಿದೆ ಎಂಬುದರ ಸುಳಿವು. ವೈದ್ಯರೂ ಹಾವುಗಳ ಅಭ್ಯಾಸಿಯೂ ಆಗಿದ್ದ ಅಮೆರಿಕದ ಡೇವಿಡ್ ಹಾರ್ಡಿ 1994ರಲ್ಲಿ ಎತ್ತಿದ ಸಂದೇಹ ಇದೇ ಜಾಡಿನದು. ಉಸಿರುಗಟ್ಟುವಿಕೆಯ ಸಾವಿಗೆ ಹೋಲಿಸಿದರೆ ಸುತ್ತಿಗೆ ಸಿಕ್ಕ ಬೇಟೆಯ ಸಾವು ತೀರಾ ಚುರುಕು. ಆದ್ದರಿಂದ ರಕ್ತಪರಿಚಲನೆಯೇ ನಿಲ್ಲುತ್ತಿರಬೇಕು ಎಂದು ಅವರು ವಾದಿಸಿದರು. ಆದರೆ ಅದು ಊಹೆ. ಸುತ್ತಿನೊಳಗಿನ ಪ್ರಾಣಿಯ ರಕ್ತನಾಳಕ್ಕೆ ನಳಿಕೆ ಇಳಿಸಿ ಅಳೆದವರು ಆಗ ಯಾರೂ ಇರಲಿಲ್ಲ.

ಅಳೆದದ್ದು 2015ರಲ್ಲಿ, ಪೆನ್ಸಿಲ್ವೇನಿಯಾದ ಡಿಕಿನ್ಸನ್ ಕಾಲೇಜಿನ ಸ್ಕಾಟ್ ಬೊಬ್ಯಾಕ್ ಮತ್ತು ಸಂಗಡಿಗರು. ಅರಿವಳಿಕೆ ಕೊಟ್ಟ ಇಲಿಗಳ ಅಪಧಮನಿ, ಅಭಿಧಮನಿಗಳಲ್ಲಿ ಒತ್ತಡ ಅಳೆಯುವ ನಳಿಕೆ, ಮೈಗೆ ಇಸಿಜಿ ತಂತಿ ಜೋಡಿಸಿ, ಹೆಬ್ಬಾವಿನಂತೆಯೇ ಸುತ್ತಿ ಕೊಲ್ಲುವ ಬೋವಾ ಹಾವುಗಳಿಗೆ ಒಪ್ಪಿಸಿದರು. ಸುತ್ತು ಬಿದ್ದ ಆರು ಸೆಕೆಂಡುಗಳಲ್ಲಿ ಇಲಿಯ ಅಪಧಮನಿಯ ಒತ್ತಡ ಅರ್ಧಕ್ಕಿಳಿಯಿತು. ಎದೆಗೆ ಮರಳುವ ಅಭಿಧಮನಿಯ ಒತ್ತಡ ಆರು ಪಟ್ಟಾಯಿತು. ಒಂದು ನಿಮಿಷದಲ್ಲಿ ಹೃದಯಬಡಿತ ಹೆಚ್ಚುಕಡಿಮೆ ಅರ್ಧವಾಯಿತು. ಹಾವು ಬಿಟ್ಟ ಮೇಲೆ ನೋಡಿದರೆ ಶೇಕಡಾ 91 ಇಲಿಗಳ ಇಸಿಜಿ ಕೆಟ್ಟಿತ್ತು, ರಕ್ತದಲ್ಲಿ ಪೊಟ್ಯಾಸಿಯಂ ಏರಿತ್ತು, ಆಮ್ಲತೆ ಹೆಚ್ಚಿತ್ತು. ಈ ಅಂಕಿಗಳಲ್ಲಿ ಮುಖ್ಯವಾದದ್ದು ಮೊದಲ ಎರಡು, ಅವನ್ನು ಜೊತೆಯಾಗಿ ಓದಬೇಕು. ರಕ್ತ ಹರಿಯುವುದು ಒತ್ತಡ ಇರುವುದರಿಂದಲ್ಲ, ಒಂದು ತುದಿಗೂ ಇನ್ನೊಂದು ತುದಿಗೂ ಒತ್ತಡದಲ್ಲಿ ಅಂತರ ಇರುವುದರಿಂದ. ಕಳಿಸುವ ಕಡೆ ಇಳಿದು ಮರಳುವ ಕಡೆ ಏರಿದರೆ ಅಂತರ ಕರಗುತ್ತದೆ, ಹರಿವು ನಿಲ್ಲುತ್ತದೆ. ಹೃದಯ ಬಡಿಯುತ್ತಲೇ ಇದ್ದರೂ ತುಂಬಿಕೊಳ್ಳಲು ರಕ್ತ ಬರುತ್ತಿಲ್ಲ, ತುಂಬಿದ್ದನ್ನು ತಳ್ಳಲು ಎದುರೊತ್ತಡ ಬಿಡುತ್ತಿಲ್ಲ.

ಇದು ಹೇಗೆ ಸಾಧ್ಯ ಎಂಬುದಕ್ಕೆ ಡಾಕ್ಟರು ಬಿಪಿ ನೋಡುವ ಪಟ್ಟಿಗಿಂತ ಒಳ್ಳೆಯ ಹೋಲಿಕೆ ಇಲ್ಲ. ತೋಳಿಗೆ ಕಟ್ಟಿ ಗಾಳಿ ಒತ್ತಿ 150, 160 ಮಿಲಿಮೀಟರ್ ದಾಟಿಸಿದರೆ ಆರೋಗ್ಯವಂತನ ಮಣಿಕಟ್ಟಿನ ನಾಡಿ ಮಾಯವಾಗುತ್ತದೆ. ಹಾವಿನ ಸುತ್ತಿನ ಒತ್ತಡವನ್ನು ವಿಜ್ಞಾನಿಗಳು ಕಿಲೋಪ್ಯಾಸ್ಕಲ್‌ನಲ್ಲಿ ಬರೆಯುತ್ತಾರೆ. ಒಂದು ಕಿಲೋಪ್ಯಾಸ್ಕಲ್ ಎಂದರೆ ಸುಮಾರು ಏಳೂವರೆ ಮಿಲಿಮೀಟರ್ ಪಾದರಸ. ಅಮೆರಿಕದ ಕಿಂಗ್ ಸ್ನೇಕ್ ಎಂಬ ಸಾಧಾರಣ ಗಾತ್ರದ ಹಾವು 20 ಕಿಲೋಪ್ಯಾಸ್ಕಲ್‌ನಷ್ಟು ಒತ್ತುತ್ತದೆ, ಅಂದರೆ 150 ಮಿಲಿಮೀಟರ್. ನಮ್ಮ ಹೆಬ್ಬಾವಿನ ಹತ್ತಿರದ ನೆಂಟನಾದ ಬರ್ಮಾ ಹೆಬ್ಬಾವು ಮತ್ತು ಅದಕ್ಕಿಂತ ಉದ್ದದ ಜಾಲಗುರುತಿನ ಹೆಬ್ಬಾವುಗಳಲ್ಲಿ 40 ದಾಟಿದ ಅಳತೆಗಳಿವೆ, ಅಂದರೆ 300. ಇಲಿಯ ರಕ್ತದೊತ್ತಡವೂ ನಮ್ಮದರ ಆಸುಪಾಸಿನದೇ. ಇನ್ನು ಎದೆಗೆ ಮರಳುವ ಅಭಿಧಮನಿಯಲ್ಲಿ ಒತ್ತಡ ಹತ್ತು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಅಪಧಮನಿಯನ್ನೇ ಅದುಮಬಲ್ಲ ಬಲಕ್ಕೆ ಅಭಿಧಮನಿ ಯಾವ ಲೆಕ್ಕ? ಹಾವು ಆ ಪಟ್ಟಿಯನ್ನು ತೋಳಿಗೆ ಬದಲು ಎದೆಗೇ ಕಟ್ಟುತ್ತದೆ, ಅಷ್ಟೇ ವ್ಯತ್ಯಾಸ.

ಇಲ್ಲಿ ಒಬ್ಬ ಎಚ್ಚರದ ಓದುಗ ತಡೆಯಬಹುದು. ನೀರಿನಲ್ಲಿ ಹತ್ತು ಮೀಟರ್ ಆಳಕ್ಕೆ ಮುಳುಗಿದವನ ಮೈಮೇಲೆ ಸುಮಾರು 100 ಕಿಲೋಪ್ಯಾಸ್ಕಲ್ ಹೆಚ್ಚುವರಿ ಒತ್ತಡ ಬೀಳುತ್ತದೆ, ದೊಡ್ಡ ಹೆಬ್ಬಾವಿನ ಹಿಡಿತದ ಎರಡು ಪಟ್ಟು. ಅವನ ರಕ್ತ ಯಾಕೆ ನಿಲ್ಲುವುದಿಲ್ಲ? ಪ್ರಶ್ನೆ ಒಳ್ಳೆಯದು, ಉತ್ತರ ವಾದವನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ನೀರು ತಲೆ, ಕೈಕಾಲು, ಎದೆ ಎನ್ನದೆ ಎಲ್ಲ ಕಡೆಯೂ ಸಮನಾಗಿ ಒತ್ತುತ್ತದೆ, ಹಾಗಾಗಿ ಒಳಗಿನ ಅಂತರಗಳು ಇದ್ದಂತೆಯೇ ಇರುತ್ತವೆ. ಹಾವು ಒತ್ತುವುದು ಎದೆಯನ್ನು ಮಾತ್ರ. ತಲೆಯೂ ಹಿಂಗಾಲೂ ಹೊರಗೇ ಉಳಿಯುತ್ತವೆ. ಕೊಲ್ಲುವುದು ಒತ್ತಡದ ಮೊತ್ತವೊಂದೇ ಅಲ್ಲ, ಅದು ಬೀಳುವ ಜಾಗವೂ ಹೌದು. ಹಾವು ಹೊಟ್ಟೆಗಿಂತ ಎದೆಗೆ ಸುತ್ತು ಹಾಕಲು ಹವಣಿಸುವುದರ ಪ್ರಯೋಜನವೂ ಇದರಿಂದ ತಿಳಿಯುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. ಎದೆಯನ್ನು ಅಷ್ಟು ಬಿಗಿದರೆ ಉಸಿರೂ ನಿಲ್ಲುತ್ತದಲ್ಲವೇ? ಜನಜಂಗುಳಿಯ ನೂಕುನುಗ್ಗಲಿನಲ್ಲಿ ಎದೆ ಅದುಮಿ ಸತ್ತವರನ್ನು ವೈದ್ಯರೇ ಉಸಿರುಕಟ್ಟಿ ಸತ್ತರು ಎನ್ನುತ್ತಾರಲ್ಲ? ಎರಡೂ ನಿಲ್ಲುವಾಗ ರಕ್ತವೇ ಕಾರಣ, ಉಸಿರಲ್ಲ ಎನ್ನುವುದು ಬರೀ ಮಾತಿನ ಜಗಳವಲ್ಲವೇ? ಅಲ್ಲ. ಉಸಿರು ನಿಲ್ಲುವುದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಎರಡು ಕಾರಣಗಳು ಏಕಕಾಲಕ್ಕೆ ಕೆಲಸಕ್ಕಿಳಿದಾಗ ಮೊದಲು ಮುಗಿಸಿದ್ದು ಯಾವುದೋ ಅದೇ ಕಾರಣ. ಇನ್ನೊಂದು ಬರುವಷ್ಟರಲ್ಲಿ ಅದಕ್ಕೆ ಮಾಡಲು ಕೆಲಸ ಉಳಿದಿರುವುದಿಲ್ಲ. ಇದನ್ನು ಪರೀಕ್ಷಿಸುವ ಸರಳ ಬಗೆಯೊಂದಿದೆ: ಸುತ್ತಿನಲ್ಲಿರುವ ಇಲಿಯ ಶ್ವಾಸಕೋಶಕ್ಕೆ ಹೇಗೋ ಆಮ್ಲಜನಕ ತಲುಪಿಸುತ್ತಲೇ ಇದ್ದೇವೆ ಎಂದು ಕಲ್ಪಿಸಿಕೊಳ್ಳಿ. ರಕ್ತ ಓಡದಿದ್ದರೆ ಆ ಆಮ್ಲಜನಕ ಮಿದುಳಿಗೆ ಮುಟ್ಟುವುದೇ ಇಲ್ಲ, ಇಲಿ ಬದುಕುವುದಿಲ್ಲ. ತಿರುಗಿಸಿ ನೋಡಿ: ಉಸಿರು ನಿಂತು ರಕ್ತ ಓಡುತ್ತಲೇ ಇದ್ದರೆ ಇಲಿಗೆ ಇನ್ನೂ ತುಸು ಕಾಲ ಸಿಗುತ್ತದೆ. ನೂಕುನುಗ್ಗಲಿನಲ್ಲಿ ಒತ್ತಡ ಬಹುಪಾಲು ಇದಕ್ಕಿಂತ ಸಡಿಲ, ಆದರೆ ಬಿಡದೆ ನಿಮಿಷಗಟ್ಟಲೆ ಇರುತ್ತದೆ. ಎದೆ ಹಿಗ್ಗಲಾರದಷ್ಟು ಇದ್ದರೆ ಸಾಕು, ಉಸಿರುಕಟ್ಟಿಯೇ ಸಾವು ಬರಬಹುದು. ಒಂದೇ ಬಗೆಯ ಬಲ ಅಳತೆಯಲ್ಲಿ ಹೆಚ್ಚುಕಡಿಮೆಯಾದರೆ ಬೇರೆ ಬೇರೆ ದಾರಿಯಲ್ಲಿ ಕೊಲ್ಲುತ್ತದೆ ಎನ್ನುವುದರಲ್ಲಿ ವಿರೋಧಾಭಾಸವೇನೂ ಇಲ್ಲ.

(ಮಹಾಭಾರತದ ಅರಣ್ಯಪರ್ವದಲ್ಲಿ ನಹುಷ ಹೆಬ್ಬಾವಾಗಿ ಬಿದ್ದಿರುತ್ತಾನೆ. ಅವನ ಸುತ್ತಿಗೆ ಸಿಕ್ಕ ಭೀಮನಿಗೆ ಕೈಕಾಲಿನ ಶಕ್ತಿಯೆಲ್ಲ ಉಡುಗುತ್ತದೆ, ಆದರೆ ಹಾವಿನ ಜೊತೆಗೂ ಆಮೇಲೆ ಧರ್ಮರಾಯನ ಜೊತೆಗೂ ಮಾತಾಡಲು ಉಸಿರಿಗೆ ಬರವಿಲ್ಲ. ಪುರಾಣವನ್ನು ಪ್ರಾಣಿಶಾಸ್ತ್ರದ ಸಾಕ್ಷಿಕಟ್ಟೆಗೆ ಎಳೆಯುವ ಉದ್ದೇಶ ನನಗಿಲ್ಲ. ಉಸಿರುಗಟ್ಟುವ ಕಥೆ ಅನಾದಿಯಿಂದ ಬಂದದ್ದು ಎನ್ನುವವರಿಗೆ ಇದೂ ನಮ್ಮದೇ ಕಥೆ ಎಂದು ನೆನಪಿಸಿದೆ ಅಷ್ಟೆ.)

ಮೂರನೆಯ ಹೇಳಿಕೆ ಕೇಳಲು ಬಹಳ ಜಾಣತನದ್ದು ಅನಿಸುತ್ತದೆ, ಅದಕ್ಕೇ ಇಷ್ಟು ಹರಡಿದೆ. ಹಾವು ಬೇಟೆಯ ಉಸಿರನ್ನೇ ಗಮನಿಸುತ್ತಿದೆ ಎಂಬುದು ಅದರ ಒಳಗಿನ ಊಹೆ. 2012ರಲ್ಲಿ ಬೊಬ್ಯಾಕ್ ತಂಡವೇ ಇದಕ್ಕೆ ಅಚ್ಚುಕಟ್ಟಾದ ಪ್ರಯೋಗ ಹೂಡಿತು. ಸತ್ತ ಇಲಿಗಳೊಳಗೆ ಬಡಿಯುವ ಕೃತಕ ಹೃದಯ ಇಟ್ಟು ಬೋವಾಗಳಿಗೆ ಕೊಟ್ಟರು. ಕೆಲವು ಇಲಿಗಳಲ್ಲಿ ಬಡಿತ ನಿಲ್ಲಲೇ ಇಲ್ಲ, ಕೆಲವದರಲ್ಲಿ ಅರ್ಧದಲ್ಲೇ ನಿಲ್ಲಿಸಿದರು, ಕೆಲವದರಲ್ಲಿ ಮೊದಲಿನಿಂದಲೂ ಇರಲಿಲ್ಲ. ಬಡಿತ ಇರುವಷ್ಟು ಹೊತ್ತು ಹಾವುಗಳು ಬಿಗಿಯನ್ನು ಮತ್ತೆ ಮತ್ತೆ ಸರಿಪಡಿಸಿಕೊಂಡು ಹಿಡಿದೇ ಇದ್ದವು. ಬಡಿತ ನಿಂತ ಮೇಲೆ ಬಿಟ್ಟವು. ಬಡಿತವೇ ಇಲ್ಲದ ಇಲಿಯನ್ನು ಬೇಗ ಬಿಟ್ಟವು. ಜೀವಂತ ಬೇಟೆಯನ್ನು ಕಂಡೇ ಇರದ, ಸತ್ತ ಇಲಿ ತಿಂದೇ ಬೆಳೆದ ಹಾವುಗಳೂ ಬಡಿತಕ್ಕೆ ಸ್ಪಂದಿಸಿದವು. ಆ ಇಲಿಗಳು ಮೊದಲೇ ಸತ್ತಿದ್ದವು, ಅವುಗಳಿಗೆ ಉಸಿರೆಂಬುದೇ ಇರಲಿಲ್ಲ ಎಂಬುದನ್ನು ಗಮನಿಸಿ. ಬಿಡುವ ಉಸಿರು ಇಲ್ಲದೆಯೂ ಹಾವು ಬಿಗಿ ಹೆಚ್ಚಿಸುತ್ತದೆ ಎಂದ ಮೇಲೆ ಬಿಗಿಯಲು ಉಸಿರಿನ ಸೂಚನೆ ಬೇಕೇ ಬೇಕು ಎನ್ನುವ ಮಾತು ಬಿತ್ತು. ಆದರೆ ಈ ಪ್ರಯೋಗದಿಂದ ಅದು ಹೇಳದ್ದನ್ನು ಹೇಳಿಸಬಾರದು. ಹಾವು ಬಡಿತವನ್ನು ಆಲಿಸುತ್ತದೆ ಎಂಬುದರಿಂದ ಬಡಿತ ನಿಲ್ಲಿಸಿಯೇ ಕೊಲ್ಲುತ್ತದೆ ಎಂದು ತಾನಾಗಿ ಸಿದ್ಧವಾಗುವುದಿಲ್ಲ. ಹಾವಿಗೆ ಸೂಚನೆ ಯಾವುದು ಎಂಬುದು ಒಂದು ಪ್ರಶ್ನೆ, ಬೇಟೆಗೆ ಸಾವು ಯಾವುದರಿಂದ ಎಂಬುದು ಬೇರೆ ಪ್ರಶ್ನೆ. ಎರಡಕ್ಕೂ ಬೇರೆ ಬೇರೆ ಪ್ರಯೋಗ ಬೇಕಾಯಿತು, ಎರಡೂ ಹೃದಯದ ಕಡೆಗೇ ಕೈತೋರಿಸಿದವು ಎಂಬುದು ಈ ವಾದದ ಬಲ.

ಅಂದಹಾಗೆ, ಈ ಇಡೀ ಕಥೆಯಲ್ಲಿ ಉಸಿರಿನ ಕಷ್ಟ ನಿಜವಾಗಿ ಬರುವುದು ಹಾವಿಗೆ. ಅದಕ್ಕೆ ನಮ್ಮಂತೆ ವಪೆ ಇಲ್ಲ, ಪಕ್ಕೆಲುಬು ಅಲುಗಿಸಿಯೇ ಉಸಿರಾಡಬೇಕು, ಅದೇ ಪಕ್ಕೆಲುಬುಗಳ ಭಾಗದಿಂದ ಬೇಟೆಯನ್ನೂ ಹಿಂಡಬೇಕು. ಬೋವಾಗಳ ಮೈಯ ಒಂದು ಭಾಗಕ್ಕೆ ಬಿಪಿ ಪಟ್ಟಿಯನ್ನೇ ಸುತ್ತಿ ನಡೆಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಆ ಭಾಗದ ಪಕ್ಕೆಲುಬು ಕಟ್ಟಿಹಾಕಿದರೆ ಹಾವು ಬೇರೆ ಭಾಗದ ಪಕ್ಕೆಲುಬುಗಳಿಂದ ಉಸಿರಾಡುತ್ತದೆ ಎಂದು ಅದು ತೋರಿಸಿತು. ಮುಂಭಾಗ ಹಿಂಡುತ್ತಿರುವಾಗ ಹಿಂಭಾಗ ಗಾಳಿ ಎಳೆದುಕೊಳ್ಳುತ್ತದೆ. ಈ ಏರ್ಪಾಟು ಇಲ್ಲದಿದ್ದರೆ ದೊಡ್ಡ ಬೇಟೆಯನ್ನು ಹಿಡಿದಿರುವುದೂ ಕಷ್ಟ, ಗಂಟಲಲ್ಲಿಟ್ಟುಕೊಂಡು ನುಂಗುವುದೂ ಕಷ್ಟ.

ಇನ್ನು ನನ್ನ ವಾದದ ಎಲ್ಲೆ ಎಲ್ಲಿ ಎಂಬುದನ್ನೂ ಹೇಳಬೇಕು, ಇಲ್ಲವಾದರೆ ಒಂದು ಘೋಷಣೆಯನ್ನು ಕೆಳಗಿಳಿಸಿ ಇನ್ನೊಂದನ್ನು ಕೂರಿಸಿದಂತಾಗುತ್ತದೆ. ಪ್ರಯೋಗದ ಹಾವು ಅಮೆರಿಕ ಖಂಡಗಳ ಮೂಲದ ಬೋವಾ, ನಮ್ಮ ಹೆಬ್ಬಾವಲ್ಲ. ಬೇಟೆ ಇಲಿ, ಮೇಕೆಯೋ ಜಿಂಕೆಯೋ ಅಲ್ಲ. ಬೋವಾದಿಂದ ಹೆಬ್ಬಾವಿಗೆ ದಾಟಲು ನನಗೆ ಹೆಚ್ಚು ಅಳುಕಿಲ್ಲ. ಸುತ್ತುವ ಕ್ರಮ ಬಹು ಹಳೆಯದು, ಬೋವಾ ಹೆಬ್ಬಾವುಗಳು ಅದನ್ನು ಸಮಾನ ಪೂರ್ವಜರಿಂದ ಪಡೆದಿವೆ ಎಂದು ಹ್ಯಾರಿ ಗ್ರೀನ್ ಮತ್ತು ಗಾರ್ಡನ್ ಬರ್ಗ್‌ಹಾರ್ಟ್ 1978ರಲ್ಲೇ ವಾದಿಸಿದ್ದರು. ಒತ್ತಡದ ಅಳತೆಗಳಲ್ಲಂತೂ ಹೆಬ್ಬಾವು ಯಾರಿಗೂ ಕಡಿಮೆಯಿಲ್ಲ. ಬಿಸಿರಕ್ತದ ಪ್ರಾಣಿಯಿಂದ ತಣ್ಣನೆ ರಕ್ತದ ಪ್ರಾಣಿಗೆ ದಾಟುವುದು ಮಾತ್ರ ಸಲ್ಲದು. ಬೆನ್ಸನ್ ಟೌನಿನ ಮನೆಗೋಡೆಯ ಟ್ಯೂಬ್‌ಲೈಟಿನ ಪಕ್ಕ ಹಲ್ಲಿಗಾಗಿ ಹೊಂಚುವ ತೋಳ ಹಾವೂ ಸುತ್ತಿ ಹಿಡಿಯುತ್ತದೆ. ಹಲ್ಲಿಯ ಮಿದುಳಿಗೆ ಆಮ್ಲಜನಕದ ಹಸಿವು ಇಲಿಯದಕ್ಕಿಂತ ಎಷ್ಟೋ ಕಡಿಮೆ, ರಕ್ತ ನಿಂತರೂ ಅದು ಸೆಕೆಂಡುಗಳಲ್ಲಿ ಸೋಲುವ ಜೀವಿಯಲ್ಲ. ಅಲ್ಲಿ ಸುತ್ತಿನ ಕೆಲಸ ಕೊಲ್ಲುವುದಕ್ಕಿಂತ ಅಲುಗಾಡದಂತೆ ಹಿಡಿಯುವುದೇ ಇದ್ದೀತು. ಕೇರೆಯದು ಇನ್ನೂ ಬೇರೆ. ಅದು ಸುತ್ತಿ ಹಿಂಡುವುದಿಲ್ಲ, ಬೇಟೆಯನ್ನು ಮೈಭಾರದಿಂದ ನೆಲಕ್ಕೋ ಗೋಡೆಗೋ ಒತ್ತಿಹಿಡಿದು ಬಹಳ ಸಲ ಜೀವಂತವಾಗಿಯೇ ನುಂಗುತ್ತದೆ. ಹಿಡಿಯುವುದು, ಸೋಲಿಸುವುದು, ಕೊಲ್ಲುವುದು ಈ ಮೂರನ್ನೂ ಒಂದೇ ಕ್ರಿಯೆಯೆಂದು ಕಲಸಿಬಿಟ್ಟರೆ ಈ ವ್ಯತ್ಯಾಸಗಳೆಲ್ಲ ಕಾಣದೇ ಹೋಗುತ್ತವೆ. ವಿಷದ ಹಾವೇ ಮೇಲು, ಹೆಬ್ಬಾವು ಹಿಂಸೆಪಡಿಸಿ ಕೊಲ್ಲುತ್ತದೆ ಎನ್ನುವವರಿಗೂ ಒಂದು ಮಾತು: ಇಲಿಯಂಥ ಬೇಟೆಗೆ ಪ್ರಜ್ಞೆ ಬಹು ಬೇಗ ಹೋಗುತ್ತದೆ ಎಂದು ಒತ್ತಡದ ಅಂಕಿಗಳಿಂದ ಊಹಿಸಬಹುದು, ಆದರೆ ಅರಿವಳಿಕೆಯಲ್ಲಿದ್ದ ಇಲಿ ನೋವಿನ ಬಗ್ಗೆ ಸಾಕ್ಷಿ ಹೇಳಲಾರದು. ಆ ತೀರ್ಪನ್ನು ನಾನೂ ಕೊಡುವುದಿಲ್ಲ.

ಹೇಗೆ ಸತ್ತರೇನು, ಸಾವು ಸಾವೇ ಅಲ್ಲವೇ ಎನ್ನುವವರೂ ಇದ್ದಾರೆ. ಹಾವು ಹಿಡಿಯಲು ಹೋಗುವವರಿಗೆ ಹಾಗನ್ನಿಸಬಾರದು. ಉಸಿರುಗಟ್ಟುವ ಕಥೆ ನಂಬಿದವನು ತನ್ನ ಬಳಿ ನಿಮಿಷಗಳಿವೆ ಎಂದುಕೊಳ್ಳುತ್ತಾನೆ. ಉಸಿರು ಬಿಗಿಹಿಡಿದು ಸತ್ತಂತೆ ಇದ್ದರೆ ಹಾವು ಸಡಿಲಿಸುತ್ತದೆ ಎಂದೂ ನಂಬಬಹುದು. ಹೃದಯ ಬಡಿಯುತ್ತಿರುವ ತನಕ ಆ ಉಪಾಯ ನಡೆಯುವ ಲಕ್ಷಣವಿಲ್ಲ. ಕುತ್ತಿಗೆಗೆ ಬಿದ್ದ ಸುತ್ತು ಗಾಳಿಕೊಳವೆಯನ್ನಲ್ಲದೆ ಮಿದುಳಿಗೆ ಹೋಗುವ ರಕ್ತನಾಳಗಳನ್ನೂ ಅದುಮುತ್ತದೆ, ಎಚ್ಚರ ತಪ್ಪಲು ಅಷ್ಟು ಸಾಕು. ಹೆಬ್ಬಾವನ್ನು ಕೊರಳಿಗೆ ಹಾರದಂತೆ ಹಾಕಿಕೊಂಡು ಮೊಬೈಲಿಗೆ ಪೋಸು ಕೊಡುವ ಚಟಕ್ಕೆ ಇದಕ್ಕಿಂತ ಬೇರೆ ಬುದ್ಧಿಮಾತು ಬೇಕಿಲ್ಲ. ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆಯಿರುವ ಪ್ರಾಣಿ, ಕಂಡವರು ಅರಣ್ಯ ಇಲಾಖೆಗೆ ತಿಳಿಸಿ ದೂರ ನಿಲ್ಲಬೇಕು. ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಎಂದು ಕೈಗೆತ್ತಿಕೊಂಡು ಕಚ್ಚಿಸಿಕೊಳ್ಳುವ ಅಪಾಯವೂ ಅದರಿಂದ ತಪ್ಪುತ್ತದೆ. ತರಬೇತಿಯಿದ್ದು ಹಿಡಿಯುವವರೂ ದೊಡ್ಡ ಹೆಬ್ಬಾವಿನ ಹತ್ತಿರ ಒಬ್ಬರೇ ಹೋಗಬಾರದು. ಸುತ್ತು ಬಿದ್ದರೆ ಕಾಯದೆ ಆ ಕ್ಷಣವೇ ಬಾಲದ ತುದಿ ಹಿಡಿದು ಬಿಚ್ಚಲು ಪಕ್ಕದಲ್ಲಿ ಇನ್ನೊಬ್ಬರು ಇರಬೇಕು.